ಗಿಣಿಗೇರಾ ಏರ್‌ಸ್ಟ್ರಿಪ್: ಯಾರು ಇಳಿಯಬಹುದು? ನಮಗೇನು ಉಪಯೋಗ?

ಗಿಣಿಗೇರಾ: ಊರ ಮೇಲೆ ಸಣ್ಣ ವಿಮಾನದ ಸದ್ದು ಕೇಳಿದ್ರೆ ‘ಯಾರೋ ಮಂತ್ರಿ ಬಂದ್ರು’ ಅನ್ನೋ ಮಾತು ಅಂಗಡಿ ಕಟ್ಟೆಯಲ್ಲಿ ಶುರುವಾಗುತ್ತೆ. ಆ ವಿಮಾನ ಇಳಿಯೋದು ಬಸಾಪುರ ಹತ್ತಿರದ ಏರ್‌ಸ್ಟ್ರಿಪ್‌ನಲ್ಲಿ. ಇದು ಬಲ್ಡೋಟಾ ಸಮೂಹದ ಎಂಎಸ್‌ಪಿಎಲ್ ಕಂಪನಿಯದು, ಸರ್ಕಾರದ್ದಲ್ಲ. ಟಿಕೆಟ್ ಕೊಂಡು ಹತ್ತುವ ವಿಮಾನ ಇಲ್ಲಿಲ್ಲ.

ಇಳಿಯೋದು ಹೇಗೆ?
ಮೊದಲು ಏರ್‌ಸ್ಟ್ರಿಪ್ ಮಾಲೀಕರ ಒಪ್ಪಿಗೆ ಬೇಕು. ನಂತರ ಹಾರಾಟದ ವಿವರವನ್ನು ವಾಯು ಸಂಚಾರ ನಿಯಂತ್ರಣಕ್ಕೆ ಸಲ್ಲಿಸಬೇಕು. ಇಂಥ ಸಣ್ಣ ತಾಣಗಳಲ್ಲಿ ಸಾಮಾನ್ಯವಾಗಿ ಹಗಲಲ್ಲೇ, ಹವಾಮಾನ ಸರಿ ಇದ್ದಾಗಲೇ ಇಳಿಸ್ತಾರೆ.

ಬಾಡಿಗೆ ಲೆಕ್ಕ
ಬಾಡಿಗೆ ತಲೆಗೆ ಇಷ್ಟು ಅಂತಲ್ಲ, ಇಡೀ ವಿಮಾನಕ್ಕೆ, ಗಂಟೆ ಲೆಕ್ಕದಲ್ಲಿ. ವಿಮಾನ ಬೆಂಗಳೂರಿಂದ ಖಾಲಿ ಬಂದ್ರೂ, ನಿಮ್ಮನ್ನ ಇಳಿಸಿ ಖಾಲಿ ಹೋದ್ರೂ ಆ ಹಣ ನಿಮ್ಮದೇ. ಇಳಿಯುವ ಶುಲ್ಕ, ಜಿಎಸ್‌ಟಿ ಬೇರೆ. ಬಿಳಿ ಬೋರ್ಡ್ ಕಾರನ್ನ ಬಾಡಿಗೆಗೆ ಓಡಿಸೋ ಹಾಗಿಲ್ಲವಲ್ಲ, ಹಂಗೇ ಖಾಸಗಿ ಬಳಕೆಗೆ ನೋಂದಣಿಯಾದ ವಿಮಾನದಲ್ಲಿ ದುಡ್ಡು ಪಡೆದು ಜನರನ್ನ ಒಯ್ಯುವಂತಿಲ್ಲ. ಡಿಜಿಸಿಎ ಕೊಟ್ಟ ಅನಿಗದಿತ ಸೇವೆಯ ಪರವಾನಗಿ ಇದೆಯಾ ಅಂತ ಮುಂಗಡ ಕೊಡುವ ಮೊದಲೇ ಕೇಳಿ.

ರೋಗಿ ಇದ್ದಾಗ
ಏರ್ ಆಂಬುಲೆನ್ಸ್‌ಗೂ ಇದೇ ನಿಯಮ. ಜೊತೆಗೆ ‘ಹಾರಾಟಕ್ಕೆ ಯೋಗ್ಯ’ ಎಂಬ ವೈದ್ಯರ ಪತ್ರ, ಚಿಕಿತ್ಸೆಯ ಸಾರಾಂಶ, ಹೋಗುವ ಆಸ್ಪತ್ರೆಯಲ್ಲಿ ಬೆಡ್ ಖಚಿತ ಆಗಿರಬೇಕು. ಕಾಗದ, ಅನುಮತಿ ಆಗೋ ಅಷ್ಟರಲ್ಲಿ ಗಂಟೆಗಳು ಹೋಗ್ತವೆ. ರಾತ್ರಿಯಾದ್ರೆ ರಸ್ತೆಯ ಆಂಬುಲೆನ್ಸೇ ಬೇಗ ಮುಟ್ಟಿಸಬಹುದು. ಎರಡನ್ನೂ ವೈದ್ಯರ ಜೊತೆ ಕೂತು ತೂಗಿ ನೋಡಿ.

ಟಿಕೆಟ್ ವಿಮಾನ ಎಲ್ಲಿ?
ನಮಗೆ ಹತ್ತಿರದ್ದು ತೋರಣಗಲ್ಲಿನ ವಿದ್ಯಾನಗರ, ಹೊಸಪೇಟೆ ದಾಟಿ ಹೋಗಬೇಕು. ಇನ್ನೊಂದು ಹುಬ್ಬಳ್ಳಿ. ವಿದ್ಯಾನಗರದ್ದೂ ಜಿಂದಾಲ್ ಕಂಪನಿಯದೇ ನಿಲ್ದಾಣ. ಆದರೂ ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದ ಜನಸಾಮಾನ್ಯರ ವಿಮಾನ ಶುರುವಾಯ್ತು. ವೇಳಾಪಟ್ಟಿ ಆಗಾಗ ಬದಲಾಗೋದ್ರಿಂದ ಹೊರಡುವ ಮುನ್ನ ನೋಡಿಕೊಳ್ಳಿ.

ಅಂದ್ರೆ ರನ್‌ವೇ ಖಾಸಗಿಯದು ಅನ್ನೋದೊಂದೇ ಅಡ್ಡಿಯಲ್ಲ. ಮಾಲೀಕರು, ಸರ್ಕಾರ, ವಿಮಾನ ಕಂಪನಿ ಮೂವರೂ ಒಪ್ಪಿದ್ರೆ ಜನರ ವಿಮಾನವೂ ಇಳಿಯುತ್ತೆ. ಕೊಪ್ಪಳದವರು ಕೇಳಬೇಕಾದ್ದು ಅದನ್ನೇ.