ಮಲಾಡ್‌ನ ಹಳೇ ಕಟ್ಟಡಗಳಲ್ಲಿ ‘ಡಕ್ಟ್ ಕ್ಲೀನಿಂಗ್’: ನಿಜಕ್ಕೂ ಸ್ವಚ್ಛ ಮಾಡಿಸಬೇಕಾದ್ದು ಯಾವುದು?

ಮುಂಬೈ: ಮೊಬೈಲ್‌ನಲ್ಲಿ ಒಮ್ಮೆ ‘ಏರ್ ಡಕ್ಟ್ ಕ್ಲೀನಿಂಗ್’ ಎಂದು ಹುಡುಕಿ ನೋಡಿ, ಆಮೇಲೆ ವಾರಗಟ್ಟಲೆ ಅದೇ ಜಾಹೀರಾತು ಬೆನ್ನು ಹತ್ತುತ್ತದೆ. ಅದರಲ್ಲಿ ಕಾಣುವುದು ಅಮೆರಿಕದ ಮನೆ. ನೆಲಮಾಳಿಗೆಯಲ್ಲಿ ಒಂದು ದೊಡ್ಡ ಯಂತ್ರ, ಗೋಡೆಯೊಳಗೆ ಹಾದುಹೋಗುವ ತಗಡಿನ ಕೊಳವೆ, ಪ್ರತಿ ಕೋಣೆಯಲ್ಲೂ ಗಾಳಿ ಬರುವ ಜಾಲರಿ. ಮಲಾಡ್ ಪೂರ್ವದಲ್ಲೋ ಪಶ್ಚಿಮದ ಓರ್ಲೆಮ್ ಕಡೆಯಲ್ಲೋ ಇರುವ ಮೂವತ್ತು-ನಲವತ್ತು ವರ್ಷ ಹಳೆಯ ಸೊಸೈಟಿಯ ಒನ್ ಬಿಎಚ್‌ಕೆ ಫ್ಲ್ಯಾಟ್‌ನಲ್ಲಿ ಸಾಮಾನ್ಯವಾಗಿ ಇದ್ಯಾವುದೂ ಇರುವುದಿಲ್ಲ.

ಆದರೆ ‘ಡಕ್ಟ್’ ಎಂಬ ಪದ ಮಾತ್ರ ಅಲ್ಲಿನ ಎಲ್ಲರ ಬಾಯಲ್ಲೂ ಇದೆ. ‘ಡಕ್ಟ್‌ನಿಂದ ವಾಸನೆ ಬರ್ತಿದೆ’, ‘ಡಕ್ಟ್‌ನಲ್ಲಿ ಪಾರಿವಾಳ ಮೊಟ್ಟೆ ಇಟ್ಟಿದೆ’, ‘ಮೇಲಿನವರು ಡಕ್ಟ್‌ಗೆ ಕಸ ಹಾಕ್ತಾರೆ’. ಸೊಸೈಟಿ ಸಭೆಗಳಲ್ಲಿ ಪಾರ್ಕಿಂಗ್ ಬಿಟ್ಟರೆ ಹೆಚ್ಚು ಜಗಳ ನಡೆಯುವುದು ಇದರ ಮೇಲೆಯೇ ಇರಬೇಕು. ಹಾಗಾದರೆ ಹಳೇ ಮನೆಯವರು ಡಕ್ಟ್ ಕ್ಲೀನಿಂಗ್‌ಗೆ ದುಡ್ಡು ಕೊಡಬೇಕೇ? ಕೊಡುವುದಾದರೆ ಯಾವ ಡಕ್ಟ್‌ಗೆ? ಇಲ್ಲಿದೆ ಮಾಹಿತಿ.

ಮುಂಬೈಯವರ ‘ಡಕ್ಟ್’ ಬೇರೆಯೇ

ಮುಂಬೈಯ ಹಳೇ ಸೊಸೈಟಿ ಕಟ್ಟಡಗಳಲ್ಲಿ ಡಕ್ಟ್ ಎಂದರೆ ನೆಲದಿಂದ ಟೆರೇಸ್‌ವರೆಗೆ ಬಾವಿಯಂತೆ ಬಿಟ್ಟಿರುವ ಕಿರಿದಾದ ಖಾಲಿ ಜಾಗ. ಬಚ್ಚಲು, ಶೌಚಾಲಯ, ಕೆಲವೆಡೆ ಅಡುಗೆಮನೆಯ ಕಿಟಕಿಗಳೂ ಇದಕ್ಕೇ ತೆರೆದುಕೊಳ್ಳುತ್ತವೆ. ಕೊಳಚೆ ಪೈಪು, ನೀರಿನ ಪೈಪು, ಎಕ್ಸಾಸ್ಟ್ ಫ್ಯಾನ್, ಕೆಲವರ ಚಿಮಣಿ ಪೈಪು, ಏಸಿಯ ಹೊರಗಿನ ಘಟಕ ಎಲ್ಲವೂ ಇಲ್ಲೇ. ಬೆಳಕು ಕಡಿಮೆ, ಗಾಳಿ ಓಡಾಟ ಕಡಿಮೆ, ತೇವ ಮಾತ್ರ ವರ್ಷವಿಡೀ. ಮಳೆಗಾಲದಲ್ಲಿ ಮುಂಬೈಯ ಆರ್ದ್ರತೆ ಶೇ 80 ದಾಟುತ್ತದೆ. ಅದರ ಜೊತೆಗೆ ಒಂದು ಪೈಪು ಸೋರಿದರೂ ಸಾಕು, ಗೋಡೆ ಹಸಿರು-ಕಪ್ಪಾಗಿ ಬೂಷ್ಟು ಹಿಡಿಯುತ್ತದೆ.

ಅಮೆರಿಕದವರು ಗಾಳಿಯ ಕೊಳವೆ ಎಂದು ಕರೆಯುವ ಡಕ್ಟ್ ಇಲ್ಲಿ ಮಾಲ್‌ಗಳಲ್ಲಿದೆ, ಆಫೀಸುಗಳಲ್ಲಿದೆ, ಆಸ್ಪತ್ರೆಗಳಲ್ಲಿದೆ. ಮನೆಗಳಲ್ಲಿ ಇರುವುದು ಬಹುತೇಕ ಸ್ಪ್ಲಿಟ್ ಅಥವಾ ವಿಂಡೋ ಏಸಿ. ಇವೆರಡಕ್ಕೂ ಗಾಳಿ ಸಾಗಿಸುವ ಕೊಳವೆಯೇ ಇಲ್ಲ. ಹಾಗಾಗಿ ಸ್ಪ್ಲಿಟ್ ಏಸಿ ಇರುವ ಮನೆಗೆ ‘ಏರ್ ಡಕ್ಟ್ ಕ್ಲೀನಿಂಗ್ ಪ್ಯಾಕೇಜ್’ ಮಾರಲು ಯಾರಾದರೂ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ, ‘ಯಾವ ಡಕ್ಟ್, ತೋರಿಸಿ’ ಎಂಬುದು. ಅಂಥ ಏಸಿಗೆ ಬೇಕಾಗಿರುವುದು ಫಿಲ್ಟರ್ ತೊಳೆಯುವುದು, ಒಳಗಿನ ಕಾಯಿಲ್ ಮತ್ತು ಬ್ಲೋವರ್ ಅನ್ನು ಜೆಟ್ ಪಂಪ್‌ನಲ್ಲಿ ತೊಳೆಸುವುದು, ನೀರು ಹೋಗುವ ಪೈಪು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು. ಅದಕ್ಕೆ ಮಾಮೂಲಿ ಏಸಿ ಸರ್ವೀಸ್ ಸಾಕು.

ಅಮೆರಿಕದಲ್ಲೇ ಏನು ಹೇಳುತ್ತಾರೆ?

ಕುತೂಹಲದ ಸಂಗತಿ ಎಂದರೆ, ಬಹಳಷ್ಟು ಮನೆಗಳಿಗೆ ಡಕ್ಟ್ ಇರುವ ಅಮೆರಿಕದಲ್ಲೇ ಸರ್ಕಾರ ಇದನ್ನು ವಾಡಿಕೆಯಾಗಿ ಮಾಡಿಸಿ ಎಂದು ಹೇಳುತ್ತಿಲ್ಲ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 1997ರಲ್ಲೇ ಗ್ರಾಹಕರಿಗೆಂದು ಒಂದು ಕೈಪಿಡಿ ಹೊರತಂದಿತು. ಡಕ್ಟ್ ಸ್ವಚ್ಛಗೊಳಿಸುವುದರಿಂದ ಆರೋಗ್ಯ ಸಮಸ್ಯೆ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ ಎಂದು ಅದರಲ್ಲಿ ನೇರವಾಗಿ ಬರೆದಿದೆ. ಮೂರು ಸಂದರ್ಭಗಳಲ್ಲಿ ಮಾತ್ರ ಯೋಚಿಸಿ ಎನ್ನುತ್ತದೆ: ಕೊಳವೆಯೊಳಗೆ ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ, ಇಲಿ-ಹುಳ ಸೇರಿಕೊಂಡಿದ್ದರೆ, ಅಥವಾ ಧೂಳು ಕಸ ತುಂಬಿ ಅದು ಮನೆಯೊಳಗೆ ಉದುರುತ್ತಿದ್ದರೆ. ಕಾರಣ ಸರಿಪಡಿಸದೆ ಬರೀ ಸ್ವಚ್ಛ ಮಾಡಿದರೆ ಮತ್ತೆ ಅದೇ ಕಥೆ ಎಂಬ ಎಚ್ಚರಿಕೆಯೂ ಇದೆ. ಒಳಗಿನ ಗ್ಲಾಸ್ ವುಲ್ ಒದ್ದೆಯಾಗಿ ಬೂಷ್ಟು ಹಿಡಿದಿದ್ದರೆ ಅದನ್ನು ತೊಳೆಯಲಾಗದು, ಕಿತ್ತು ಬದಲಿಸಬೇಕು. ಫಾಲ್ಸ್ ಸೀಲಿಂಗ್ ಒಳಗೆ ಡಕ್ಟೆಬಲ್ ಏಸಿ ಹಾಕಿಸಿಕೊಂಡ ಮಲಾಡ್‌ನ ಕೆಲವು ಬಂಗಲೆ, ದೊಡ್ಡ ಫ್ಲ್ಯಾಟ್‌ನವರು ಇದನ್ನು ನೆನಪಿಡಬೇಕು.

ಕಾರಣ ಹುಡುಕಬೇಕು ಎಂಬ ಮಾತಿಗೆ ಮಲಾಡ್‌ನಲ್ಲೇ ಒಂದು ಉದಾಹರಣೆ ಇದೆ. ಲಿಂಕ್ ರೋಡ್ ಪಕ್ಕದ ಚಿಂಚೋಳಿ ಬಂದರ್‌ನಲ್ಲಿ ಹಿಂದೆ ಮಹಾನಗರಪಾಲಿಕೆಯ ಕಸದ ಡಂಪಿಂಗ್ ಗ್ರೌಂಡ್ ಇತ್ತು. ಅದು ಮುಚ್ಚಿದ ಬಳಿಕ ಅಲ್ಲಿ ಆಫೀಸು ಕಟ್ಟಡಗಳು ಎದ್ದವು. ಕಂಪ್ಯೂಟರ್ ಬಿಡಿಭಾಗಗಳು ಬೇಗ ಕೆಡುತ್ತಿವೆ, ನೌಕರರಿಗೆ ತಲೆನೋವು ಬರುತ್ತಿದೆ ಎಂಬ ದೂರುಗಳು ಕೆಲ ವರ್ಷಗಳಲ್ಲೇ ಪತ್ರಿಕೆಗಳಿಗೆ ಬಂದವು. ಅನುಮಾನ ಹೋದದ್ದು ನೆಲದಡಿಯ ಹಳೇ ಕಸದಿಂದ ಏಳುವ ಅನಿಲದ ಮೇಲೆ. ಅಂಥ ಕಡೆ ಏಸಿ ಕೊಳವೆಯನ್ನು ಎಷ್ಟು ಉಜ್ಜಿದರೂ ಏನು ಪ್ರಯೋಜನ?

ಪಾರಿವಾಳವೇ ದೊಡ್ಡ ತಲೆನೋವು

ಈಗ ನಮ್ಮ ಬಾವಿಯಂಥ ಡಕ್ಟ್‌ಗೆ ಬರೋಣ. ಇಲ್ಲಿ ಸ್ವಚ್ಛತೆ ನಿಜವಾಗಿಯೂ ಆರೋಗ್ಯದ ವಿಷಯ. ಪೈಪುಗಳ ಮೇಲೆ, ಸಜ್ಜಾಗಳ ಮೇಲೆ, ಏಸಿ ಘಟಕದ ಹಿಂದೆ ಪಾರಿವಾಳಗಳು ವರ್ಷವಿಡೀ ಗೂಡು ಕಟ್ಟುತ್ತವೆ. ಹಿಕ್ಕೆ ಒಣಗಿ ಪುಡಿಯಾಗಿ, ಗರಿಯ ಧೂಳಿನೊಂದಿಗೆ ಬಚ್ಚಲ ಕಿಟಕಿಯಿಂದ ಒಳಬರುತ್ತದೆ. ಎಕ್ಸಾಸ್ಟ್ ಫ್ಯಾನ್ ನಿಂತಿದ್ದಾಗಲಂತೂ ಅದರ ತೂತೇ ದಾರಿ.

ಇದನ್ನು ದೀರ್ಘಕಾಲ ಉಸಿರಾಡಿದವರಲ್ಲಿ ಕೆಲವರಿಗೆ ‘ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್’ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಇದು ಸೋಂಕಲ್ಲ, ಅಲರ್ಜಿಯಂಥ ಪ್ರತಿಕ್ರಿಯೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಬೇಗ ಗುರುತಿಸಿ ಧೂಳಿನಿಂದ ದೂರವಾದರೆ ಸುಧಾರಿಸುತ್ತದೆ. ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗಿ ಮರಳಿ ಸರಿಯಾಗುವುದಿಲ್ಲ. ದೇಶದ ವಿವಿಧ ನಗರಗಳ 1,084 ರೋಗಿಗಳನ್ನು ಒಳಗೊಂಡ ಐಎಲ್‌ಡಿ ಇಂಡಿಯಾ ರಿಜಿಸ್ಟ್ರಿ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಅಂಗಾಂಶ ಕೆಡುವ ಕಾಯಿಲೆ ಇದ್ದ ಆ ರೋಗಿಗಳಲ್ಲಿ ಶೇ 47ರಷ್ಟು ಮಂದಿಗೆ ಇದ್ದದ್ದು ಇದೇ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಅವರಲ್ಲಿ ಅರ್ಧದಷ್ಟು ಜನ ಏರ್ ಕೂಲರ್ ಬಳಸುತ್ತಿದ್ದರು ಎಂಬುದೂ ಗಮನಿಸಬೇಕಾದ ವಿಷಯ. ಕೂಲರ್‌ನ ಒದ್ದೆ ಹುಲ್ಲು-ಪ್ಯಾಡು ಬೂಷ್ಟಿಗೆ ಒಳ್ಳೆಯ ಜಾಗ.

2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬೈಯ 51 ಕಬೂತರ್‌ಖಾನೆಗಳನ್ನು ಮುಚ್ಚಲು ಸೂಚಿಸಿತು. ದಾದರ್ ಕಬೂತರ್‌ಖಾನೆಗೆ ಟಾರ್ಪಾಲಿನ್ ಹೊದಿಸಿದಾಗ ನಡೆದ ಪ್ರತಿಭಟನೆ, ಬಾಂಬೆ ಹೈಕೋರ್ಟ್‌ಗೆ ಹೋದ ಪ್ರಕರಣ ಎಲ್ಲರಿಗೂ ನೆನಪಿರಬಹುದು. ಚೌಕದ ಪಾರಿವಾಳದ ಬಗ್ಗೆ ಅಷ್ಟು ಚರ್ಚೆಯಾಯಿತು. ಬಚ್ಚಲ ಕಿಟಕಿಯಿಂದ ಒಂದಡಿ ದೂರದಲ್ಲಿರುವ ಗೂಡಿನ ಬಗ್ಗೆ ಅಷ್ಟಾಗಿ ಆಗಲಿಲ್ಲ.

ಕಿಟಕಿ ಮುಚ್ಚುವ ಮುನ್ನ ಗೀಸರ್ ನೋಡಿ

ವಾಸನೆ, ಪಾರಿವಾಳ, ಜಿರಳೆ ತಾಳಲಾರದೆ ಹಲವರು ಮಾಡುವ ಕೆಲಸ ಒಂದೇ. ಬಚ್ಚಲ ಗಾಜಿನ ಪಟ್ಟಿಗಳ ಕಿಟಕಿಗೆ ಪ್ಲಾಸ್ಟಿಕ್ ಶೀಟ್ ಅಂಟಿಸಿ, ಎಕ್ಸಾಸ್ಟ್ ತೂತಿಗೆ ರಟ್ಟು ತುರುಕಿ ಮುಚ್ಚಿಬಿಡುತ್ತಾರೆ. ಒಳಗೆ ಗ್ಯಾಸ್ ಗೀಸರ್ ಇದ್ದರೆ ಇದು ಪ್ರಾಣಕ್ಕೇ ಅಪಾಯ. ಗೀಸರ್‌ನ ಉರಿ ಬಚ್ಚಲಿನ ಆಮ್ಲಜನಕವನ್ನೇ ಬಳಸುತ್ತದೆ. ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತು, ವಾಕರಿಕೆ ಬಂದು ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಎಚ್ಚರ ತಪ್ಪುತ್ತದೆ.

ಮಲಾಡ್‌ನಿಂದ ಎರಡನೇ ಸ್ಟೇಷನ್ ಬೋರಿವಲಿ. 2020ರ ಜನವರಿಯಲ್ಲಿ ಅಲ್ಲಿ ಸ್ನಾನಕ್ಕೆ ಹೋದ 15 ವರ್ಷದ ಬಾಲಕಿ ಗ್ಯಾಸ್ ಗೀಸರ್‌ನ ಅನಿಲದಿಂದ ಪ್ರಜ್ಞೆ ತಪ್ಪಿ, ಆಸ್ಪತ್ರೆಯಲ್ಲಿ ಮೃತಪಟ್ಟಳು. 2023ರ ಮಾರ್ಚ್‌ನಲ್ಲಿ ಹೋಳಿ ಆಡಿ ಮನೆಗೆ ಮರಳಿದ ಘಾಟ್‌ಕೋಪರ್‌ನ ದಂಪತಿ ಬಚ್ಚಲಲ್ಲೇ ಶವವಾಗಿ ಪತ್ತೆಯಾದಾಗಲೂ ಮೊದಲ ಅನುಮಾನ ಗೀಸರ್ ಮೇಲೆಯೇ ಹೋಗಿತ್ತು.

ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಒಳಗೇ ಇದೆ ಎಂದಾದರೆ ಬಕೆಟ್‌ಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿದ ಮೇಲೆಯೇ ಸ್ನಾನಕ್ಕೆ ಹೋಗಿ. ಪಾರಿವಾಳ ತಡೆಯಲು ಕಿಟಕಿಗೆ ಜಾಲರಿ ಹಾಕಿಸಿ, ಶೀಟ್ ಬೇಡ. ಜಾಲರಿಗೆ ಧೂಳು ಕಟ್ಟಿದರೆ ಅದೂ ಗೋಡೆಯೇ ಆಗುತ್ತದೆ, ತಿಂಗಳಿಗೊಮ್ಮೆ ಉಜ್ಜಬೇಕು.

ಚಿಮಣಿ ಪೈಪು: ಹೋಟೆಲ್‌ನವರನ್ನು ಕೇಳಿ

ಮನೆಯಲ್ಲಿರುವ ಏಕೈಕ ನಿಜವಾದ ‘ಏರ್ ಡಕ್ಟ್’ ಅಡುಗೆಮನೆ ಚಿಮಣಿಯದ್ದು. ‘ಆಟೊ ಕ್ಲೀನ್’ ಎಂದು ಬರೆದಿದ್ದರೂ ಅದು ಒಳಗಿನ ಬ್ಲೋವರ್‌ನ ಎಣ್ಣೆಯನ್ನಷ್ಟೇ ಕರಗಿಸಿ ಇಳಿಸುತ್ತದೆ, ಪೈಪನ್ನು ಮುಟ್ಟುವುದಿಲ್ಲ. ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪಿನ ಮಡಿಕೆಗಳಲ್ಲಿ ಜಿಡ್ಡು ಕೂರುತ್ತದೆ. ಒಗ್ಗರಣೆಯ ಉರಿ ಮೇಲೆದ್ದರೆ ಆ ಜಿಡ್ಡಿಗೆ ಹೊತ್ತಿಕೊಳ್ಳಬಹುದು.

ಮುಂಬೈಯ ನಮ್ಮ ಹೋಟೆಲ್ ಉದ್ಯಮದವರಿಗೆ ಇದು ಹೊಸ ಮಾತಲ್ಲ. ದೋಸೆ ಕಾವಲಿಯ ಮೇಲಿನ ಹುಡ್, ಅದರಿಂದ ಟೆರೇಸ್‌ವರೆಗೆ ಹೋಗುವ ತಗಡಿನ ಡಕ್ಟ್ ಸ್ವಚ್ಛ ಮಾಡಿಸುವುದು ಅವರ ಖರ್ಚಿನ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಮಹಾರಾಷ್ಟ್ರದ 2006ರ ಅಗ್ನಿಸುರಕ್ಷತಾ ಕಾಯ್ದೆಯಡಿ ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ‘ಫಾರ್ಮ್ ಬಿ’ ಕೊಡಬೇಕು. ಮನೆಯಲ್ಲಿ ಕೇಳುವವರು ಯಾರೂ ಇಲ್ಲ. ಕರಿದದ್ದು ಹೆಚ್ಚಾದ ಮನೆಯಲ್ಲಿ ಫಿಲ್ಟರ್ ಅನ್ನು ಹದಿನೈದು ದಿನಕ್ಕೊಮ್ಮೆ ಬಿಸಿನೀರು-ಸೋಪಿನಲ್ಲಿ ತೊಳೆಯಿರಿ. ಸುಕ್ಕಿನ ಪೈಪು ಜಿಡ್ಡು ಹಿಡಿದರೆ ತೊಳೆಸುವ ಬದಲು ಹೊಸದು ಹಾಕಿಸುವುದೇ ಲೇಸು. ಇನ್ನು, ಚಿಮಣಿ ಪೈಪನ್ನು ಬಾವಿಯಂಥ ಡಕ್ಟ್‌ಗೆ ಬಿಟ್ಟರೆ ಮೇಲಿನ ಮನೆಯವರ ಬಚ್ಚಲಿಗೆ ನಿಮ್ಮ ಮೀನು ಕರಿದ ವಾಸನೆ ಉಚಿತ.

ಡಕ್ಟ್ ಸ್ವಚ್ಛ ಮಾಡಿಸುವುದು ಹೇಗೆ, ಖರ್ಚು ಯಾರದು?

ಕ್ರಮ ಮುಖ್ಯ. ಮೊದಲು ಸೋರುವ ಪೈಪು ಸರಿಪಡಿಸಿ, ಆಮೇಲೆ ಸ್ವಚ್ಛತೆ, ಕೊನೆಗೆ ಬಲೆ. ಹೆಚ್ಚಿನ ಸೊಸೈಟಿಗಳು ಇದನ್ನು ತಿರುಗಿಸಿ ಮಾಡಿ ಎರಡೆರಡು ಬಾರಿ ದುಡ್ಡು ಕಳೆದುಕೊಳ್ಳುತ್ತವೆ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿ ಮಾದರಿ ಉಪವಿಧಿಗಳ ಪ್ರಕಾರ ಹೊರಗಿನ ಒಳಚರಂಡಿ ಪೈಪು, ಸಾಮಾನ್ಯ ನೀರಿನ ಪೈಪುಗಳ ದುರಸ್ತಿ ಸೊಸೈಟಿಯ ಹೊಣೆ. ಶೌಚಾಲಯ, ಸಿಂಕ್ ಮುಂತಾದ ಮನೆಯೊಳಗಿನ ಸೋರಿಕೆ ಸದಸ್ಯರ ಹೊಣೆ. ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆ ಎಂಜಿನಿಯರ್ ಬಂದಾಗ ಡಕ್ಟ್‌ನ ಗೋಡೆ, ಸಜ್ಜಾ ನೋಡಿಸಿ. ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುವುದು ಮೊದಲು ಇಂಥ ಒದ್ದೆ ಮೂಲೆಗಳಲ್ಲೇ.

ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬಾರದು. ನೀರು ಸಿಂಪಡಿಸಿ ನೆನೆಸಿ, ಕೆರೆದು, ಚೀಲಕ್ಕೆ ತುಂಬಬೇಕು. ಕೆಲಸ ಮಾಡುವವರಿಗೆ ಎನ್-95 ಮಾಸ್ಕ್, ಕೈಗವಸು ಬೇಕು; ಆ ಹೊತ್ತಿಗೆ ಎಲ್ಲ ಮನೆಯವರೂ ಕಿಟಕಿ ಮುಚ್ಚಿರಬೇಕು. ಹಳೇ ಕಟ್ಟಡದಲ್ಲಿ ಬೂದು ಬಣ್ಣದ ಸಿಮೆಂಟ್ ಪೈಪು ಇದ್ದರೆ ಅದರಲ್ಲಿ ಕಲ್ನಾರು ಇರುವ ಸಾಧ್ಯತೆ ಉಂಟು, ಒಡೆಯುವುದು ಕೊರೆಯುವುದು ಬೇಡ.

ಹಗ್ಗದಲ್ಲಿ ಇಳಿಯುವವರಿಗೆ ಹಾರ್ನೆಸ್ ಇಲ್ಲದಿದ್ದರೆ ಕೆಲಸವನ್ನೇ ನಿಲ್ಲಿಸಿ. ಡಕ್ಟ್‌ನ ತಳದಲ್ಲಿ ಸಾಮಾನ್ಯವಾಗಿ ಕೊಳಚೆಯ ಚೇಂಬರ್ ಇರುತ್ತದೆ. ಡಕ್ಟ್ ಗುಡಿಸಲು ಬಂದವರನ್ನೇ ‘ಅದನ್ನೂ ಸ್ವಲ್ಪ ನೋಡಿಬಿಡಪ್ಪಾ’ ಎಂದು ಅದರೊಳಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. 2024ರ ಮಾರ್ಚ್‌ನಲ್ಲಿ ಮಲಾಡ್ ಪಶ್ಚಿಮದ ಅಂಬುಜವಾಡಿಯಲ್ಲಿ ಸಾರ್ವಜನಿಕ ಶೌಚಾಲಯದ ಗುಂಡಿಗೆ ಬಿದ್ದು ಸಾವು ಸಂಭವಿಸಿತ್ತು. ಅಂಥ ಕೆಲಸಕ್ಕೆ ಯಂತ್ರ ತರಿಸಿ; ಪಾಲಿಕೆಯ ಸಹಾಯವಾಣಿ 1916.

ಕೊಟೇಶನ್ ತೆಗೆದುಕೊಳ್ಳುವಾಗ ಕಸ ಸಾಗಿಸುವುದು, ಕೆಲಸದವರ ವಿಮೆ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊ ಸೇರಿವೆಯೇ ಎಂದು ಬರೆಸಿಕೊಳ್ಳಿ. ‘ಕೀಟಾಣು ನಾಶಕ ಫಾಗಿಂಗ್’ ಎಂದು ಬೇರೆಯಾಗಿ ಸೇರಿಸಿದ್ದರೆ ತೆಗೆಸಿ, ಹಿಕ್ಕೆ ಹೋದ ಮೇಲೆ ಅದರ ಅಗತ್ಯ ಬೀಳುವುದಿಲ್ಲ. ಬಲೆಯನ್ನು ಟೆರೇಸ್ ಮಟ್ಟದಲ್ಲಿ ಕಟ್ಟುವ ಮುನ್ನ ಒಳಗೆ ಮರಿಗಳು ಉಳಿದಿವೆಯೇ ನೋಡಿ, ಸಿಕ್ಕಿಬಿದ್ದು ಸತ್ತರೆ ವಾಸನೆ ಇನ್ನೂ ಕಷ್ಟ. ಹಾಗೆಯೇ ಬಲೆಯಲ್ಲಿ ಒಂದು ಮೂಲೆಯನ್ನು ಬಿಚ್ಚಿ ಕಟ್ಟುವಂತೆ ಬಿಡಿಸಿ. ಇಲ್ಲದಿದ್ದರೆ ಮುಂದಿನ ಸಲ ಪೈಪು ಸೋರಿದಾಗ ಪ್ಲಂಬರ್ ಅದನ್ನು ಕತ್ತರಿಸಿಯೇ ಇಳಿಯುತ್ತಾನೆ, ಪಾರಿವಾಳಗಳು ಅದೇ ತೂತಿನಿಂದ ವಾಪಸ್ ಬರುತ್ತವೆ.