ನೀಸ್ಕಿಯ ನಕ್ಷತ್ರ: ರೇಖಾಗಣಿತದ ಪಾಠದಿಂದ ಕ್ರಿಸ್‌ಮಸ್ ಹಬ್ಬಕ್ಕೆ

ಜರ್ಮನಿಯ ಪೂರ್ವದಂಚಿನ ನೀಸ್ಕಿ ಎಂಬ ಸಣ್ಣ ಊರಿನ ಬಾಲಕರ ವಸತಿಶಾಲೆಯಲ್ಲಿ 19ನೆಯ ಶತಮಾನದ ಮೊದಲ ದಶಕಗಳಲ್ಲಿ ರೂಪುಗೊಂಡ ಕಾಗದದ ನಕ್ಷತ್ರವು ಇಂದು ಹಲವು ದೇಶಗಳಲ್ಲಿ ಕ್ರಿಸ್‌ಮಸ್ ಕಾಲದ ಅಲಂಕಾರವಾಗಿದ್ದರೂ, ಮೊದಲಿಗೆ ಅದು ರೇಖಾಗಣಿತದ ಅಭ್ಯಾಸವಾಗಿತ್ತೆಂಬುದು ಬಹುಕಾಲದಿಂದ ನಡೆದುಬಂದ ತಿಳಿವಳಿಕೆ. ಶಾಲೆಯನ್ನು ನಡೆಸುತ್ತಿದ್ದವರು ಮೊರಾವಿಯನ್ ಸಹೋದರರು, ಅಂದರೆ ಧಾರ್ಮಿಕ ಕಿರುಕುಳದಿಂದ ಮೊರಾವಿಯಾವನ್ನು ತೊರೆದು ಬಂದು, 1722ರಲ್ಲಿ ಕೌಂಟ್ ಜಿನ್ಜೆಂಡಾರ್ಫನ ಜಮೀನಿನಲ್ಲಿ ಹೆರ್ನ್‌ಹೂಟ್ ಎಂಬ ಊರನ್ನು ಕಟ್ಟಿಕೊಂಡ ಪ್ರಾಟೆಸ್ಟೆಂಟ್ ಪಂಥದವರು. ಮಕ್ಕಳಿಗಾಗಿ ಸಚಿತ್ರ ಪಠ್ಯವನ್ನು 1658ರಲ್ಲಿಯೇ ಪ್ರಕಟಿಸಿದ್ದ ಕೊಮೇನಿಯಸ್ ಈ ಪಂಥದ ಪೂರ್ವಿಕ ಬಿಷಪ್ಪರಲ್ಲೊಬ್ಬನಾಗಿದ್ದುದರಿಂದ, ಕಣ್ಣಿಗೂ ಕೈಗೂ ಕೆಲಸ ಕೊಡುವ ಬೋಧನೆ ಇಲ್ಲಿ ಪರಕೀಯವಾಗಿರಲಿಲ್ಲ.

ದೂರದೇಶಗಳಿಗೆ ಧರ್ಮಪ್ರಚಾರಕ್ಕೆ ಹೋದವರ ಮಕ್ಕಳು ತಂದೆತಾಯಿಯರನ್ನು ವರ್ಷಗಟ್ಟಲೆ ಕಾಣದೆ ಇಂಥ ವಸತಿಶಾಲೆಗಳಲ್ಲಿ ಬೆಳೆಯುತ್ತಿದ್ದರು. ಅಡ್ವೆಂಟ್, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಕಾಲ, ಬಂದಾಗ ಅವರ ಮನೆಯ ಹಬ್ಬವೆಲ್ಲ ಶಾಲೆಯ ಕೊಠಡಿಯಲ್ಲಿಯೇ ನಡೆಯಬೇಕಾಗಿದ್ದುದರಿಂದ, ಪಾಠದ ನಕ್ಷತ್ರ ಹಬ್ಬದ ನಕ್ಷತ್ರವಾದುದು ಸಹಜವೇ ಆಗಿತ್ತು. ಶಾಲೆಯ ಐವತ್ತನೆಯ ವಾರ್ಷಿಕೋತ್ಸವಕ್ಕೆ 110 ಮೊನೆಗಳ ನಕ್ಷತ್ರವೊಂದನ್ನು ತೂಗುಹಾಕಿದ್ದರೆಂಬ ಉಲ್ಲೇಖವಿದೆ.

ಮುಂದೆ ರೂಢಿಗೆ ಬಂದ ರೂಪಕ್ಕೆ ಆಧಾರವಾದುದು ಎಲ್ಲ ಅಂಚುಗಳೂ ಸಮನಾಗಿರುವ, 18 ಚೌಕಗಳೂ 8 ತ್ರಿಭುಜಗಳೂ ಕೂಡಿ 26 ಮುಖಗಳಾಗುವ ಘನಾಕೃತಿ. ಇದರ ಪ್ರತಿಯೊಂದು ಶೃಂಗದಲ್ಲಿ, ಅಂದರೆ ಅಂಚುಗಳು ಸಂಧಿಸುವ ಮೂಲೆಯಲ್ಲಿ, ಮೂರು ಚೌಕಗಳೂ ಒಂದು ತ್ರಿಭುಜವೂ ಕೂಡುತ್ತವೆ. ದೀಪವನ್ನು ಇಳಿಬಿಡಲು ಒಂದು ಚೌಕವನ್ನು ತೆರೆದಿಟ್ಟು, ಉಳಿದ 25 ಮುಖಗಳ ಮೇಲೆ ಒಂದೊಂದು ಪಿರಮಿಡ್ಡನ್ನು ಕೂರಿಸಿದರೆ ನಕ್ಷತ್ರ ಸಿದ್ಧವಾಗುತ್ತದೆ. ಅಂಚುಗಳೆಲ್ಲ ಸಮನಾಗಿರುವುದೇ ಇಲ್ಲಿನ ಸೊಗಸು: ಒಂದೇ ಅಳತೆಯ ಸಮದ್ವಿಬಾಹು ತ್ರಿಭುಜವನ್ನು, ಅಂದರೆ ಎರಡು ಬಾಹುಗಳು ಸಮನಾಗಿರುವ ತ್ರಿಭುಜವನ್ನು, ನಾಲ್ಕು ಸಲ ಜೋಡಿಸಿದರೆ ಚೌಕದ ಮೊನೆಯೂ ಮೂರು ಸಲ ಜೋಡಿಸಿದರೆ ತ್ರಿಭುಜದ ಮೊನೆಯೂ ದೊರೆಯುತ್ತವೆ. ಹೀಗೆ 17 ಚೌಕಗಳಿಗೆ 68, 8 ತ್ರಿಭುಜಗಳಿಗೆ 24, ಒಟ್ಟು 92 ತ್ರಿಭುಜಗಳನ್ನು ಕತ್ತರಿಸಬೇಕಾಗುತ್ತದೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕೊನೆಯ ಮೊನೆ ತನ್ನ ಜಾಗದಲ್ಲಿ ಕೂರುವುದಿಲ್ಲ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಗುರುವಿಗಿಂತ ಮೊದಲು ಕಾಗದವೇ ಹೇಳಿಬಿಡುವ ಇಂಥ ಪಾಠ ಯಾವ ಕಾಲಕ್ಕೂ ಅಮೂಲ್ಯವಾದುದು.

ಇದೇ ಶಾಲೆಯಲ್ಲಿ ಓದಿದ್ದ ಪೀಟರ್ ಫರ್ಬೇಕ್ 1880ರ ಸುಮಾರಿಗೆ ನಕ್ಷತ್ರಗಳನ್ನೂ ಅವುಗಳನ್ನು ತಯಾರಿಸುವ ವಿವರಣೆಯನ್ನೂ ತನ್ನ ಪುಸ್ತಕದಂಗಡಿಯಲ್ಲಿ ಮಾರತೊಡಗಿದನು. ಅನಂತರ ಅವನ ಮಗ ಹೆರ್ನ್‌ಹೂಟ್‌ನಲ್ಲಿ ಇದಕ್ಕೆಂದೇ ಕಾರ್ಖಾನೆಯನ್ನು ಸ್ಥಾಪಿಸಿದನು. ಕಾರ್ಖಾನೆಯಿಂದ ನಕ್ಷತ್ರ ದೂರದೂರುಗಳಿಗೆ ತಲುಪಿತಾದರೂ, ಸಿದ್ಧ ಮೊನೆಗಳನ್ನು ಕೊಂಡು ಜೋಡಿಸುವವರಿಗೆ ಅಳೆಯುವ, ಎಣಿಸುವ ಕೆಲಸ ಉಳಿಯಲಿಲ್ಲವೆಂಬುದನ್ನು ನಷ್ಟವೆಂದೇ ಪರಿಗಣಿಸಬೇಕು.

ಕಾಗದದ ಮೂಲಕ ಗಣಿತವನ್ನು ಕಲಿಸುವ ಇನ್ನೊಂದು ಜರ್ಮನ್ ಧಾರೆ 1837ರಲ್ಲಿ ಫ್ರೋಬೆಲ್ ಆರಂಭಿಸಿದ ಶಿಶುಶಾಲೆಯಿಂದ ಹೊರಟು ಭಾರತವನ್ನೂ ಮುಟ್ಟಿತು. ಆ ಶಾಲೆಗಳ ಕಾಗದ ಮಡಿಸುವ ಆಟದಿಂದ ಪ್ರೇರಿತನಾದ ಟಿ. ಸುಂದರರಾವ್, ಮಡಿಕೆಗಳಿಂದಲೇ ರೇಖಾಗಣಿತವನ್ನು ಸಾಧಿಸಿ ತೋರಿಸುವ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದನು. ಅದನ್ನು ಮೆಚ್ಚಿ ಹೆಸರಿಸಿದವರಲ್ಲಿ ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಕೂಡ ಒಬ್ಬನು.