ಮರಿಯಾ ಓಗಿಲ್ವಿ ಗಾರ್ಡನ್: ಡೋಲೊಮೈಟ್ಸ್ ಬೆಟ್ಟಗಳನ್ನು ಓದಿದ ಭೂವಿಜ್ಞಾನಿ

ಸ್ಕಾಟ್ಲೆಂಡ್‌ನ ಮರಿಯಾ ಓಗಿಲ್ವಿ ಗಾರ್ಡನ್ (1864–1939) ಮೊದಲು ಲಂಡನ್‌ಗೆ ಹೋಗಿದ್ದು ಪಿಯಾನೊ ಕಲಿಯಲು. ಆದರೆ ಸಂಗೀತ ಬಿಟ್ಟು ವಿಜ್ಞಾನ ಹಿಡಿದರು. 1891ರಲ್ಲಿ ಜರ್ಮನಿಯ ಭೂವಿಜ್ಞಾನಿ ರಿಖ್ತೋಫೆನ್ ಅವರೊಂದಿಗೆ ಆಲ್ಪ್ಸ್‌ನ ಡೋಲೊಮೈಟ್ಸ್ ಪರ್ವತಗಳಿಗೆ ಹೋದರು. ಈಗ ಇಟಲಿಯಲ್ಲಿರುವ ಈ ಬೆಟ್ಟಗಳಲ್ಲಿ ಪ್ರಾಚೀನ ಸಮುದ್ರದ ಹವಳಗಳ ಪಳೆಯುಳಿಕೆಗಳು ಹೇರಳ. ಮುಂದಿನ ಬದುಕೆಲ್ಲ ಅವರ ಅಧ್ಯಯನ ಇಲ್ಲೇ ಸಾಗಿತು.

1893ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಡಿಎಸ್‌ಸಿ ಪಡೆದ ಮೊದಲ ಮಹಿಳೆ ಎನಿಸಿಕೊಂಡರು. ಜರ್ಮನಿಯಲ್ಲಿ ಮಾತ್ರ ಹಾದಿ ಸುಲಭವಿರಲಿಲ್ಲ. ಹೆಣ್ಣುಮಕ್ಕಳಿಗೆ ಬರ್ಲಿನ್ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮ್ಯೂನಿಕ್‌ನಲ್ಲೂ ಗಂಡಸರ ಜತೆ ಕೂರುವಂತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು ಉಪನ್ಯಾಸ ಕೇಳಬೇಕಿತ್ತು. ಅದೇ ಮ್ಯೂನಿಕ್ 1900ರಲ್ಲಿ ಅವರಿಗೆ ಪಿಎಚ್‌ಡಿ ನೀಡಿತು.

ಡೋಲೊಮೈಟ್ಸ್‌ನ ಶಿಲಾಪದರಗಳು ಮೊದಲು ಇದ್ದ ಜಾಗದಲ್ಲೇ ಉಳಿದಿಲ್ಲ, ಭೂಚಲನೆಯಿಂದ ತಳ್ಳಲ್ಪಟ್ಟು, ತಿರುಚಿಕೊಂಡಿವೆ ಎಂಬುದು ಅವರ ಮುಖ್ಯ ವಾದ. ಈ ಕುರಿತ ಬೃಹತ್ ಗ್ರಂಥ ಮ್ಯೂನಿಕ್‌ನಲ್ಲಿ ಅಚ್ಚಿಗೆ ಸಿದ್ಧವಾಗಿದ್ದಾಗಲೇ 1914ರ ಮಹಾಯುದ್ಧ ಶುರುವಾಗಿ ಕೆಲಸ ನಿಂತುಹೋಯಿತು. ಯುದ್ಧ ಮುಗಿದ ಮೇಲೆ ಮತ್ತೆ ಬೆಟ್ಟ ಹತ್ತಿದರು. ಕೊನೆಗೆ ಗ್ರಂಥ ಹೊರಬಂದಿದ್ದು 1927ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು.

ಲಂಡನ್‌ನ ಜಿಯಾಲಜಿಕಲ್ ಸೊಸೈಟಿ ಮಹಿಳೆಯರನ್ನು ಫೆಲೊಗಳಾಗಿ ಸೇರಿಸಿಕೊಂಡಿದ್ದೇ 1919ರಲ್ಲಿ. ಅದು ಗಾರ್ಡನ್‌ಗೆ 1932ರಲ್ಲಿ ಲಯೆಲ್ ಪದಕ ನೀಡಿತು. 2000ರಲ್ಲಿ ಡೋಲೊಮೈಟ್ಸ್‌ನ ಜರೀಗಿಡದ ಪಳೆಯುಳಿಕೆಯೊಂದಕ್ಕೆ ಅವರ ನೆನಪಿನಲ್ಲಿ 'ಗಾರ್ಡೊನೊಪ್ಟೆರಿಸ್' ಎಂದು ಹೆಸರಿಡಲಾಯಿತು.